ವಿಲಿಯಂ ಸೀಲಿ ಗಾಸೆಟ್

ವಿಲಿಯಂ ಸೀಲಿ ಗಾಸೆಟ್ (ಜೂನ್ 13, 1876 – ಅಕ್ಟೋಬರ್ 16, 1937) ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರು. ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಸಿದ್ಧರು. ಸಮಷ್ಟಿಯೊಂದರ ಸರಾಸರಿಯ ಬಗೆಗಿನ ಪ್ರಾಕ್ಕಲ್ಪನೆಯನ್ನು ಕೆಲವೇ ಅಳತೆಗಳಿಂದ ಪರೀಕ್ಷಿಸುವ ಟಿ-ಪರೀಕ್ಷೆಗೆ ಅಡಿಪಾಯ ಹಾಕಿದವರು ಇವರು.

ಜೀವನ

ಗಾಸೆಟ್ ಕ್ಯಾಂಟರ್‌ಬರಿಯಲ್ಲಿ ಜನಿಸಿದರು. ತಂದೆ ಸೇನೆಯ ಎಂಜಿನಿಯರ್ ದಳದಲ್ಲಿ ಅಧಿಕಾರಿಯಾಗಿದ್ದರು. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರಗಳನ್ನು ಅಭ್ಯಾಸ ಮಾಡಿ, 1899ರಲ್ಲಿ ಡಬ್ಲಿನ್ ನಗರದ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯನ್ನು ಸೇರಿದರು. ವಿಶ್ವವಿದ್ಯಾಲಯದ ಹುದ್ದೆಯನ್ನು ಅವರು ಎಂದೂ ಹಿಡಿಯಲಿಲ್ಲ.

ಸಣ್ಣ ಪ್ರತಿಚಯಗಳ ಸಮಸ್ಯೆ

ಬಾರ್ಲಿಯ ತಳಿಗಳನ್ನು ಹೋಲಿಸಲು ಗಾಸೆಟ್ಟರಿಗೆ ದೊರೆಯುತ್ತಿದ್ದುದು ಕೆಲವೇ ತಾಕುಗಳ ಇಳುವರಿ. ಅಂದಿನ ಸೂತ್ರಗಳಾದರೋ ದೊಡ್ಡ ಪ್ರತಿಚಯಗಳಿಗೆ ರೂಪಿಸಿದಂಥವು. 1906–07ರಲ್ಲಿ ಲಂಡನ್ನಿನಲ್ಲಿ ಕಾರ್ಲ್ ಪಿಯರ್‌ಸನ್ನರ ಬಳಿ ಅಧ್ಯಯನ ನಡೆಸಿದರು. ಪಿಯರ್‌ಸನ್ನರಿಗೆ ಸಣ್ಣ ಪ್ರತಿಚಯಗಳಲ್ಲಿ ಅಷ್ಟಾಗಿ ಆಸಕ್ತಿಯಿರಲಿಲ್ಲ. ಆದರೂ ಗಾಸೆಟ್ಟರ ಲೇಖನ 1908ರಲ್ಲಿ ಅವರದೇ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಸಂಸ್ಥೆಯ ಒಪ್ಪಿಗೆ ಇಲ್ಲದ್ದರಿಂದ ಗುಪ್ತನಾಮ ಅನಿವಾರ್ಯವಾಯಿತು. ತಮ್ಮ ಸೂತ್ರವನ್ನು ತಾಳೆ ನೋಡಲು ಅವರು ಅನುಸರಿಸಿದ ವಿಧಾನ ಸ್ವಾರಸ್ಯಕರ: 3000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದವನ್ನು ರಟ್ಟಿನ ಚೀಟಿಗಳಲ್ಲಿ ಬರೆದು, ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ 750 ಪ್ರತಿಚಯಗಳನ್ನು ಮಾಡಿದರು. ಗಣಕಯಂತ್ರಗಳಿಲ್ಲದ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ.

ಉದಾಹರಣೆ

ಸಿಂಧನೂರು ತಾಲ್ಲೂಕಿನ ದಢೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಅಂಥ ಕಡೆ ಒಂದು ಭತ್ತದ ತಳಿಯ ಸರಾಸರಿ ಇಳುವರಿ ಹೆಕ್ಟೇರಿಗೆ 60 ಕ್ವಿಂಟಾಲ್ ಎಂಬ ಪ್ರಾಕ್ಕಲ್ಪನೆಯನ್ನು ಪರೀಕ್ಷಿಸಬೇಕೆಂದು ಭಾವಿಸೋಣ. 9 ತಾಕುಗಳ ಸರಾಸರಿ 57, ಮಾನಕ ವಿಚಲನೆ 4.5 ಆಗಿರಲಿ. 4.5ನ್ನು 9ರ ವರ್ಗಮೂಲವಾದ 3ರಿಂದ ಭಾಗಿಸಿದರೆ 1.5. ವ್ಯತ್ಯಾಸ 3ನ್ನು ಇದರಿಂದ ಭಾಗಿಸಿದರೆ, ಚಿಹ್ನೆಯನ್ನು ಬಿಟ್ಟು, ಟಿ ಬೆಲೆ 2. ಶೇಕಡಾ 5ರ ಮಟ್ಟದಲ್ಲಿ ದೊಡ್ಡ ಪ್ರತಿಚಯಗಳ ಮಿತಿ 1.96, ಅದನ್ನೇ ನಂಬಿದರೆ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಬೇಕಾಗುತ್ತಿತ್ತು. ಆದರೆ 8 ಸ್ವಾತಂತ್ರ್ಯ ಮಟ್ಟಗಳಿಗೆ ಟಿ ಕೋಷ್ಟಕದ ಮಿತಿ 2.306. ಆದ್ದರಿಂದ ತಿರಸ್ಕರಿಸಲು ಸಾಕಷ್ಟು ಆಧಾರವಿಲ್ಲ. ಹಾಗೆಂದು ಇಳುವರಿ 60 ಎಂದು ಸಿದ್ಧವಾಯಿತೆಂದೂ ಅಲ್ಲ; ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ನಂತರದ ವರ್ಷಗಳು

ಗಾಸೆಟ್ಟರ ಫಲಿತಾಂಶಕ್ಕೆ ಗಣಿತೀಯ ಸಾಧನೆ ಒದಗಿಸಿ, ಅದನ್ನು ಇಂದಿನ ಟಿ ರೂಪಕ್ಕೆ ತಂದವರು ರೊನಾಲ್ಡ್ ಫಿಶರ್. 1925ರ ಫಿಶರರ ಗ್ರಂಥದಿಂದ ಈ ಪರೀಕ್ಷೆ ಸಂಶೋಧಕರಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಹೊಲಗಳಲ್ಲಿ ತಾಕುಗಳನ್ನು ಯಾದೃಚ್ಛಿಕವಾಗಿ ಹಂಚಬೇಕೇ ಎಂಬ ವಿಷಯದಲ್ಲಿ ಮುಂದೆ ಇಬ್ಬರಿಗೂ ಭಿನ್ನಾಭಿಪ್ರಾಯ ಮೂಡಿತು. 1935ರಲ್ಲಿ ಸಂಸ್ಥೆಯ ಹೊಸ ಕಾರ್ಖಾನೆಗಾಗಿ ಲಂಡನ್ನಿಗೆ ಬಂದ ಗಾಸೆಟ್, ಎರಡು ವರ್ಷಗಳ ನಂತರ ಬೀಕನ್ಸ್‌ಫೀಲ್ಡ್‌ನಲ್ಲಿ ಹೃದಯಾಘಾತದಿಂದ ನಿಧನರಾದರು.