ಭಾಲ್ಕಿಯ ಶ್ರೀ ಚನ್ನಬಸವ ಪಟ್ಟದ್ದೇವರು

ಹಿರಿಯರಿಂದ ಮಕ್ಕಳಿಗೆ ಬರುವ ಸ್ವತ್ತುಗಳಲ್ಲಿ ಹೊಲಮನೆಗಳಿಗಿಂತಲೂ ಮಿಗಿಲಾದದ್ದು ಮಾತೃಭಾಷೆಯು. ಕೈಬಿಟ್ಟ ಹೊಲವನ್ನು ದುಡಿದು ಮರಳಿ ಕೊಳ್ಳಬಹುದು. ಮನೆಯೊಳಗಿನ ಮಾತು ಎರಡು ತಲೆಮಾರು ನಿಂತುಹೋದರೆ ಅದನ್ನು ಮರಳಿ ತರುವದು ಬಹು ಕಷ್ಟವು. ನಮ್ಮ ಭಾಲ್ಕಿ ಸೀಮೆಯಲ್ಲಿ ಆ ಸ್ವತ್ತು ಕೈಜಾರುತ್ತಿದ್ದ ಕಾಲದಲ್ಲಿ ಅದನ್ನು ಕಾಯ್ದು ನಮಗೆ ಒಪ್ಪಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಸಂಕ್ಷೇಪವಾಗಿ ಇಡುತ್ತೇವೆ. ಅವರು ಲಿಂಗಾಯತ ಮಠವೊಂದರ ಅಧಿಪತಿಗಳಾಗಿದ್ದರು. ಆದರೂ ಅವರು ಮಾಡಿದ ಉಪಕಾರವು ಈ ಸೀಮೆಯ ಎಲ್ಲ ಮತದವರಿಗೂ ಸಲ್ಲುವದರಿಂದ ನಾವೂ ಅವರನ್ನು ಕೃತಜ್ಞತೆಯಿಂದ ಸ್ಮರಿಸತಕ್ಕದ್ದು ಯೋಗ್ಯವೇ ಸರಿ.

ಶ್ರೀ ಚನ್ನಬಸವ ಪಟ್ಟದ್ದೇವರು ೧೮೯೦ನೆಯ ಇಸವಿಯ ಡಿಸೆಂಬರ ೨೨ರಂದು ಕಮಲನಗರದಲ್ಲಿ ಜನಿಸಿದರು. ಆ ಊರು ಮರಾಠಿ ನಾಡಿನ ಅಂಚಿನಲ್ಲಿದ್ದು, ಆಗ ನಿಜಾಮ ಸಂಸ್ಥಾನಕ್ಕೆ ಸೇರಿತ್ತು. ಬಾದಾಮಿಯ ಸಮೀಪದ ಶಿವಯೋಗಮಂದಿರದಲ್ಲಿ ವಿದ್ಯಾಭ್ಯಾಸ ಮಾಡಿ, ೧೯೨೪ರಲ್ಲಿ ಭಾಲ್ಕಿಯ ಹಿರೇಮಠದ ಪಟ್ಟವನ್ನೇರಿದರು.

ಅಂದಿನ ಸ್ಥಿತಿಯನ್ನು ಇಂದಿನ ನಮ್ಮ ಹುಡುಗಿಯರು ಊಹಿಸುವದೂ ಕಷ್ಟವು. ಕಚೇರಿ, ನ್ಯಾಯಾಲಯಗಳ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಬೋಧನೆಯು ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಪೇಟೆಯ ಲೆಕ್ಕಪತ್ರಗಳಲ್ಲಿ ಮರಾಠಿಯು ಬಹಳವಾಗಿ ಬಳಕೆಯಲ್ಲಿತ್ತು. ಕನ್ನಡವು ಅಡಿಗೆಯ ಮನೆಯಲ್ಲಿ, ಬೀಸುವ ಕಲ್ಲಿನ ಬಳಿಯಲ್ಲಿ, ಹೊಲದ ಬದುವಿನಲ್ಲಿ ಮಾತ್ರ ಉಳಿದಿತ್ತು. ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡುವ ಬಾಲಕನಿಗೆ ಆ ಮಾತನ್ನೇ ಎರಡು ಸಾಲು ಬರೆಯಲು ಬಾರದು. ಕನ್ನಡದಿಂದ ಹೊಟ್ಟೆ ತುಂಬಲಾರದೆಂಬ ಭಾವನೆಯು ತಂದೆತಾಯಿಗಳಲ್ಲಿ ಬೇರೂರಿತ್ತು. ಉರ್ದು ಮರಾಠಿಗಳೆರಡೂ ಸಂಪನ್ನವಾದ ಭಾಷೆಗಳು; ಅವುಗಳನ್ನು ಕಲಿಯುವದು ಲಾಭವೇ. ಆದರೆ ಕೂಸು ತನ್ನ ಮೊದಲನೆಯ ಪಾಠವನ್ನೇ ಪರಭಾಷೆಯಲ್ಲಿ ಕಲಿಯಬೇಕಾದರೆ ಶಬ್ದವನ್ನೂ ಅರ್ಥವನ್ನೂ ಒಮ್ಮೆಲೇ ಹೊರಬೇಕಾಗುವದು. ಆ ಭಾರದ ಕೆಳಗೆ ಎಷ್ಟೋ ಚುರುಕಾದ ಮಕ್ಕಳು ದಡ್ಡರೆನ್ನಿಸಿಕೊಳ್ಳುವರು. ಇದು ಶಿಕ್ಷಕ ವೃತ್ತಿಯಲ್ಲಿರುವ ನಮ್ಮೆಲ್ಲರ ಅನುಭವವು.

ಹೀಗಿರಲು ಪಟ್ಟದ್ದೇವರು ೧೯೩೬ರಲ್ಲಿ ಕಮಲನಗರದಲ್ಲಿ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ಆಳುವವರ ಒಲವು ಕನ್ನಡದ ಮೇಲೆ ಇರಲಿಲ್ಲ. ಆದಕಾರಣ ಅವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿಸಿ, ಒಳಗೆ ಕನ್ನಡದ ಅಕ್ಷರಗಳನ್ನು ಕಲಿಸಿದರು. ಈ ಸಂಗತಿಯು ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ತಿಳಿದದ್ದು. ಸಂಸ್ಥೆಗೆ ಬೇಕಾದ ಕಾಳುಕಡಿ, ಹಣಗಳಿಗಾಗಿ ತಾವೇ ಜೋಳಿಗೆ ಹಿಡಿದು ಊರೂರು ತಿರುಗಿದರು. ಮಠದ ಪ್ರಸಾದನಿಲಯದಲ್ಲಿ ಜಾತಿಭೇದವೆಣಿಸದೆ ಬಡಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಇತ್ತರು.

ಶಾಲೆಯನ್ನು ತೆರೆಯುವದು ದೊಡ್ಡ ಕಾರ್ಯವೇ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಶರಣರು ನುಡಿದ ವಚನಗಳನ್ನು ಪ್ರವಚನಗಳ ಮೂಲಕ ಜನರಿಗೆ ತಿಳಿಯಹೇಳಿದರು. ಇದರಿಂದ ಕನ್ನಡವು ಬರಿಯ ಅಡಿಗೆಮನೆಯ ಮಾತಲ್ಲ, ದೇವರೊಡನೆ ಆಡತಕ್ಕ ಮಾತೂ ಹೌದೆಂಬ ಗೌರವವು ಮನೆಗಳಲ್ಲಿ ಹುಟ್ಟಿತು. ನಮ್ಮ ಮಿಶನರಿ ಹಿರಿಯರೂ ಇದೇ ಮರ್ಮವನ್ನರಿತಿದ್ದರು. ಬಳ್ಳಾರಿಯ ಜಾನ್ ಹ್ಯಾಂಡ್ಸರು ಸತ್ಯವೇದವನ್ನು ಕನ್ನಡಕ್ಕೆ ತಂದದ್ದೂ, ಕಿಟ್ಟೆಲ್ ದೊರೆಗಳ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದದ್ದೂ, ಮನೆಯ ಮಾತೇ ಹೃದಯವನ್ನು ಮುಟ್ಟುವದೆಂಬ ನಂಬಿಕೆಯ ಫಲವು.

೧೯೪೮ರ ಸೆಪ್ಟೆಂಬರದಲ್ಲಿ ನಿಜಾಮರ ಆಳಿಕೆಯು ಕೊನೆಗಂಡಿತು. ೧೯೫೬ರ ನವಂಬರ ೧ರಂದು ಹಳೆಯ ಬೀದರ ಜಿಲ್ಲೆಯು ಭಾಷಾನುಸಾರವಾಗಿ ಹಂಚಿಹೋಗಿ, ಭಾಲ್ಕಿ ಔರಾದಗಳು ಕನ್ನಡ ರಾಜ್ಯಕ್ಕೆ ಬಂದವು. ಏಕೀಕರಣಕ್ಕಾಗಿ ದುಡಿದವರಲ್ಲಿ ಪಟ್ಟದ್ದೇವರೂ ಒಬ್ಬರು. ಬಸವಕಲ್ಯಾಣದಲ್ಲಿ ಅನುಭವಮಂಟಪವನ್ನು ಕಟ್ಟಿಸಿದ ಕೀರ್ತಿಯೂ ಅವರದೇ. ನೂರೆಂಟು ವರ್ಷಗಳ ತುಂಬುಬಾಳನ್ನು ಬಾಳಿ, ೧೯೯೯ರ ಏಪ್ರಿಲ ೨೨ರಂದು ಅವರು ದೇಹವನ್ನು ಬಿಟ್ಟರು.

ದೂರದ ಐರ್ಲೆಂಡ ದೇಶದ ಸಂಗತಿಯೊಂದನ್ನು ಇಲ್ಲಿ ನೆನೆಯಬೇಕಾಗಿದೆ. ಅಲ್ಲಿ ಪಾದ್ರಿಯೊಬ್ಬರ ಮಗನಾದ ಡಗ್ಲಾಸ್ ಹೈಡನು ಪೂರ್ವಜರ ಗೇಲಿಕ್ ಭಾಷೆಯನ್ನು ಉಳಿಸಲು ೧೮೯೩ರಲ್ಲಿ ಸಂಘವನ್ನು ಕಟ್ಟಿದನು. ೧೯೨೨ರಲ್ಲಿ ಸ್ವರಾಜ್ಯ ಬಂದ ಮೇಲೆ ಶಾಲೆಗಳಲ್ಲೆಲ್ಲ ಆ ಭಾಷೆಯನ್ನು ಕಲಿಸಲಾಯಿತು. ಆದರೂ ಹೆಚ್ಚಿನ ಮನೆಗಳಲ್ಲಿ ಇಂಗ್ಲಿಷೇ ನಿಂತಿತು. ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಆಡದಿದ್ದರೆ ಅದು ಪರೀಕ್ಷೆಯ ಕೋಣೆಯಲ್ಲಿಯೇ ಉಳಿಯುವದು.

ಪ್ರಿಯ ಪಾಲಕರೇ, ಇಂದು ಕನ್ನಡದ ಫಲಕವನ್ನು ಮರೆಮಾಡುವ ಕಾರಣವಿಲ್ಲ. ಆದರೂ ಕನ್ನಡದಿಂದ ಹೊಟ್ಟೆ ತುಂಬಲಾರದೆಂಬ ಹಳೆಯ ಮಾತು ಮತ್ತೆ ಕೇಳಬರುತ್ತಿದೆ. ನಾವು ಇಂಗ್ಲಿಷಿಗೆ ವಿರೋಧಿಗಳಲ್ಲ. ಅದನ್ನು ಆಸ್ಥೆಯಿಂದ ಕಲಿಸುತ್ತೇವೆ. ನಮ್ಮ ಬಿನ್ನಹವಿಷ್ಟೇ: ರಾತ್ರಿಯ ಊಟವೂ ಕುಟುಂಬ ಪ್ರಾರ್ಥನೆಯೂ ಕನ್ನಡದಲ್ಲಿ ನಡೆಯಲಿ. ಹೈದರಾಬಾದ, ಪುಣೆಗಳಲ್ಲಿ ಸಂಸಾರ ಹೂಡಿರುವ ನಮ್ಮ ವಿದ್ಯಾರ್ಥಿನಿಯರು ಮಕ್ಕಳಿಗೆ ಓಲೆಯ ನಾಲ್ಕು ಸಾಲು ಬರೆಯಲು ಕಲಿಸಿ, ರಜೆಯಲ್ಲಿ ಅವರನ್ನು ಊರಿಗೆ ಕರೆತಂದು ಅಜ್ಜಿಯ ಬಳಿ ಕೂಡ್ರಿಸಲಿ. ಮೊಮ್ಮಗುವಿನ ಮಾತು ತಿಳಿಯದೆ ಅಜ್ಜಿಯು ಸುಮ್ಮನೆ ಕುಳಿತುಕೊಳ್ಳುವ ಗತಿಯು ಭಾತಂಬ್ರೆಯ ಯಾವ ಮನೆಗೂ ಬಾರದಿರಲೆಂದು ದೇವರಲ್ಲಿ ಬೇಡಿಕೊಳ್ಳುತ್ತೇವೆ.