ಚಿತ್ರಕಾರ ನೈನಸುಖ

ಹಳೆಯ ಚಿತ್ರಗಳಲ್ಲಿ ಅರಸರ ಮುಖವನ್ನು ಗುರುತಿಸುವ ಲೋಕವು, ಅದನ್ನು ಬರೆದ ಕೈ ಯಾರದೆಂದು ವಿಚಾರಿಸುವುದು ಅಪೂರ್ವ. ಆದರೆ ಒಬ್ಬ ಅಲ್ಪಪ್ರಭುವು ತನ್ನ ಚಿತ್ರಕಾರನ ದೆಸೆಯಿಂದಲೇ ಚಿರಸ್ಮರಣೀಯನಾದ ವೃತ್ತಾಂತವೂ ಒಂದುಂಟು. ಅದು ನಮ್ಮ ವಾಚಕರ ಮನನಕ್ಕೆ ಯೋಗ್ಯವೆಂದು ನಾವು ಭಾವಿಸುತ್ತೇವೆ.

ನೈನಸುಖನು ಸುಮಾರು 1710ರಲ್ಲಿ ಹಿಮಾಲಯದ ತಪ್ಪಲಿನ ಗುಲೇರ್ ಸಂಸ್ಥಾನದಲ್ಲಿ ಜನಿಸಿದನು. ಹೆಸರಿನ ಅರ್ಥವೇ ಕಣ್ಣಿಗೆ ಸುಖ. ತಂದೆ ಪಂಡಿತ ಸೇವು, ಅಣ್ಣ ಮಾನಕು, ಇಬ್ಬರೂ ಚಿತ್ರಕಾರರು. ಬಣ್ಣವನ್ನು ಅರೆದು ಗೋಂದಿನೊಡನೆ ಬೆರೆಸುವುದು, ಅಳಿಲುಗೂದಲಿನ ಕುಂಚದಿಂದ ಕಾಗದದ ಮೇಲೆ ಪದರಪದರವಾಗಿ ಹಚ್ಚುವುದು, ಚಿತ್ರದ ಬೆನ್ನನ್ನು ನುಣುಪುಗಲ್ಲಿನಿಂದ ಉಜ್ಜುವುದು, ಬಂಗಾರದ ರೇಕನ್ನು ಅರೆದು ಲೇಪಿಸುವುದು, ಇವೇ ಆ ಮನೆತನದ ವಿದ್ಯೆ. ಮೊಗಲರ ಶೈಲಿಯ ಸೂಕ್ಷ್ಮತೆಯನ್ನೂ ನೈನಸುಖನು ಕರಗತಮಾಡಿಕೊಂಡನು.

ಸುಮಾರು 1740ರಲ್ಲಿ ಅವನು ಜಸ್ರೋಟದ ಬಲವಂತಸಿಂಹನ ಆಶ್ರಯವನ್ನು ಸೇರಿದನು. ಅಲ್ಲಿ ಅವನು ಬರೆದುದು ಬರಿಯ ದರ್ಬಾರಿನ ವೈಭವವನ್ನಲ್ಲ. ಗಡ್ಡವನ್ನು ಕತ್ತರಿಸಿಕೊಳ್ಳುತ್ತಿರುವ ಒಡೆಯ, ಚಳಿಗೆ ದುಪ್ಪಟಿ ಹೊದ್ದು ಮುದುಡಿ ಕುಳಿತ ಒಡೆಯ, ಹೀಗೆ ಮನುಷ್ಯನನ್ನೇ ಬರೆದನು. ಚಿತ್ರವೊಂದನ್ನು ಕೈಯಲ್ಲಿ ಹಿಡಿದು ಬಲವಂತಸಿಂಹನು ನೋಡುತ್ತಿರುವ ಪಟದಲ್ಲಿ ಚಿತ್ರಕಾರನೂ ವಿನೀತನಾಗಿ ಇದ್ದಾನೆ. ಆ ಪಟವು ಇಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ರೀಟ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿದೆ. ತನ್ನ ಬಲಹೀನ ಗಳಿಗೆಗಳನ್ನೂ ಬರೆಯಗೊಟ್ಟ ಒಡೆಯನ ವಿಶ್ವಾಸವೇನು ಸಾಮಾನ್ಯವೇ?

1763ರಲ್ಲಿ ಬಲವಂತಸಿಂಹನು ತೀರಿಕೊಂಡನು. ಅಸ್ಥಿಯೊಡನೆ ಹರಿದ್ವಾರಕ್ಕೆ ಹೋದವರಲ್ಲಿ ನೈನಸುಖನೂ ಒಬ್ಬ. ಅಲ್ಲಿಯ ಪಂಡರ ವಹಿಯಲ್ಲಿ ಅವನು ತನ್ನ ಕೈಯಿಂದಲೇ ವಂಶದ ವಿವರವನ್ನು ಬರೆದು, ಒಂದು ರೇಖಾಚಿತ್ರವನ್ನೂ ಬಿಡಿಸಿದನು. ಬಳಿಕ ಬಸೋಹ್ಲಿಯ ಅಮೃತಪಾಲನ ಸೇವೆಯಲ್ಲಿದ್ದು 1778ರಲ್ಲಿ ಕಾಲವಶನಾದನು. ಅವನ ಮಕ್ಕಳೂ ಅಣ್ಣನ ಮಕ್ಕಳೂ ಪಹಾಡಿ ಚಿತ್ರಕಲೆಯನ್ನು ಮುಂದುವರಿಸಿದರು.

ಎರಡು ಶತಮಾನಗಳಾದ ಮೇಲೆ ವಿದ್ವಾಂಸರಾದ ಬಿ. ಎನ್. ಗೋಸ್ವಾಮಿಯವರು ಅಂತಹ ವಹಿಗಳನ್ನು ಶೋಧಿಸಿ, 1968ರ ಲೇಖನವೊಂದರಲ್ಲಿ, ಪಹಾಡಿ ಶೈಲಿಗೆ ಸಂಸ್ಥಾನಕ್ಕಿಂತ ಕುಟುಂಬವೇ ಆಧಾರವೆಂದು ಪ್ರತಿಪಾದಿಸಿದರು. ಅರಸರ ಹೆಸರಿನಲ್ಲಿ ಕರಗಿಹೋಗಿದ್ದ ಕುಶಲಿಗಳಿಗೆ ಹೀಗೆ ಅವರ ಹೆಸರು ಮರಳಿ ದೊರೆಯಿತು.

ಜಸ್ರೋಟದ ಗದ್ದುಗೆ ಅಳಿಯಿತು, ಕಾಗದದ ಮೇಲಣ ಬಂಗಾರ ಇನ್ನೂ ಮಿನುಗುತ್ತಿದೆ. ಹಳೆಯ ಚಿತ್ರದ ಮುಂದೆ ನಿಂತಾಗ, ಇವನು ಯಾವ ಅರಸನೆಂದು ಮಾತ್ರ ಕೇಳದೆ, ಬರೆದವನು ಯಾರೆಂದೂ ಕೇಳುವುದು ನಮ್ಮೆಲ್ಲರ ಕರ್ತವ್ಯ. ದುಡಿದ ಕೈಯ ಹೆಸರನ್ನು ಉಳಿಸದ ಜನಾಂಗವು ತನ್ನ ಸಂಪತ್ತಿನ ಲೆಕ್ಕವನ್ನೇ ಬಲ್ಲದೆಂದು ನಾವು ಹೇಳುತ್ತೇವೆ.