ಚಳಿಗೆ ಮುಂಚೆ ಒಂದು ಚಿಮ್ನಿ

ಸಿವಿಲ್ ಬ್ರಾಂಚಿನ ಗೆಳೆಯರೇ, ಮೊದಲು ಈ ಎಸ್ಟಿಮೇಟ್ ನೋಡಿ. ಹಲಗೆಗೆ 8 ಡಾಲರ್ ಮೂರೂವರೆ ಸೆಂಟ್. ಹಳೇ ಇಟ್ಟಿಗೆ ಒಂದು ಸಾವಿರಕ್ಕೆ 4 ಡಾಲರ್. ಗಾಜಿನ ಸಮೇತ ಎರಡು ಸೆಕೆಂಡ್ ಹ್ಯಾಂಡ್ ಕಿಟಕಿಗೆ 2 ಡಾಲರ್ 43 ಸೆಂಟ್. ಮೊಳೆಗೆ 3 ಡಾಲರ್ 90. ಗಾರೆಗೆ ಬೆರೆಸೋ ಪ್ರಾಣಿಗಳ ಕೂದಲಿಗೆ 31 ಸೆಂಟ್ (ಫೈಬರ್ ರೀಇನ್‌ಫೋರ್ಸ್‌ಮೆಂಟ್ ಹೊಸದು ಅಂದುಕೊಂಡವರಿಗೆ ಇದು). ಸೀಮೆಸುಣ್ಣಕ್ಕೆ 1 ಸೆಂಟ್. ಇನ್ನೂ ಕೆಲವು ಸಣ್ಣಪುಟ್ಟ ಬಾಬ್ತು ಸೇರಿ ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟ್. 10 ಅಡಿ ಅಗಲ, 15 ಅಡಿ ಉದ್ದದ ಒಂದು ಮನೆ ರೆಡಿ. ಕೂಲಿ ಲೆಕ್ಕ ಇಲ್ಲ, ಯಾಕಂದ್ರೆ ಕೂಲಿಯವನೂ ಮಾಲೀಕನೂ ಒಬ್ಬನೇ.

ಅವನ ಹೆಸರು ಹೆನ್ರಿ ಡೇವಿಡ್ ಥೋರೋ. ಗಾಂಧೀಜಿ ಓದಿ ಮೆಚ್ಚಿದ ಲೇಖಕ, ತೆರಿಗೆ ಕಟ್ಟದೆ ಒಂದು ರಾತ್ರಿ ಜೈಲಲ್ಲಿ ಕಳೆದವನು, ಕಾಡಲ್ಲಿ ಒಬ್ಬನೇ ಇದ್ದ ಸಂತನಂಥವನು ಅಂತೆಲ್ಲ ನಾವು ಕೇಳಿರ್ತೀವಿ. ನನಗೆ ಹಿಡಿಸಿದ್ದು ಬೇರೆ ಥೋರೋ. ಕರಣೆ ಹಿಡಿದು, ಮೊಣಕಾಲೂರಿ, ಚಳಿ ಬರೋದ್ರೊಳಗೆ ಚಿಮ್ನಿ ಮುಗಿಸಬೇಕು ಅಂತ ಒಂದೊಂದೇ ಸಾಲು ಇಟ್ಟಿಗೆ ಏರಿಸ್ತಿದ್ದವನು.

ಅವನು ಹುಟ್ಟಿದ್ದು 1817ರ ಜುಲೈ 12ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾನ್‌ಕಾರ್ಡ್ ಅನ್ನೋ ಊರಲ್ಲಿ. ಅಪ್ಪನದು ಪೆನ್ಸಿಲ್ ತಯಾರಿಕೆ. 1837ರಲ್ಲಿ ಹಾರ್ವರ್ಡ್ ಮುಗಿಸಿ ಬಂದ. ಮೇಷ್ಟ್ರ ಕೆಲಸಕ್ಕೆ ಸೇರಿ ಕೆಲವೇ ದಿನಕ್ಕೆ ಬಿಟ್ಟ. ಅಣ್ಣ ಜಾನ್ ಜೊತೆ ಸೇರಿ ಶಾಲೆ ನಡೆಸಿದ. ನಡುವೆ ಅಪ್ಪನ ವರ್ಕ್‌ಶಾಪಿಗೆ ಇಳಿದು ಪೆನ್ಸಿಲನ್ನೇ ಸುಧಾರಿಸಿಬಿಟ್ಟ. ಗ್ರಾಫೈಟನ್ನ ನುಣ್ಣಗೆ ಅರೆದು, ಗಾಳಿಯಲ್ಲಿ ಹಾರಿ ಮೇಲೆ ಬಂದ ಪುಡಿಯನ್ನಷ್ಟೇ ಹಿಡಿಯೋ ಗಿರಣಿ ಮಾಡಿದ. ಅದಕ್ಕೆ ಜೇಡಿಮಣ್ಣು ಬೆರೆಸಿ ಸುಟ್ಟು, ಮಣ್ಣಿನ ಪ್ರಮಾಣ ಬದಲಾಯಿಸಿ ಗಟ್ಟಿ, ಮೆದು ಅಂತ ಬೇರೆ ಬೇರೆ ಗ್ರೇಡ್ ತೆಗೆದ. ನಾವು ಡ್ರಾಯಿಂಗ್ ಕ್ಲಾಸಿಗೆ ಬೇರೆ ಬೇರೆ ಪೆನ್ಸಿಲ್ ಒಯ್ಯೋದರ ಹಿಂದಿನ ತತ್ವ ಇದೇ.

1842ರ ಜನವರಿಯಲ್ಲಿ ಅಣ್ಣ ಸತ್ತ. ಕ್ಷೌರದ ಕತ್ತಿಯಿಂದ ಬೆರಳಿಗೆ ಆದ ಚಿಕ್ಕ ಗಾಯ, ಧನುರ್ವಾಯು, ಕೆಲವೇ ದಿನದಲ್ಲಿ ಎಲ್ಲ ಮುಗೀತು. ಇಬ್ಬರೂ 1839ರಲ್ಲಿ ತಾವೇ ಮಾಡಿದ ದೋಣಿಯಲ್ಲಿ ನದಿ ಪ್ರಯಾಣ ಹೋಗಿ ಬಂದಿದ್ದರು. ಆ ಪ್ರಯಾಣವನ್ನ ಪುಸ್ತಕ ಮಾಡಬೇಕು ಅನ್ನೋದು ಹೆನ್ರಿಯ ಮನಸ್ಸಲ್ಲಿ ಕೂತುಬಿಟ್ಟಿತು. ಮನೆ ತುಂಬ ಜನ, ವರ್ಕ್‌ಶಾಪಿನ ಧೂಳು, ಬರೆಯೋಕೆ ಜಾಗ ಇಲ್ಲ. ಸಾಲದ್ದಕ್ಕೆ 1844ರ ಏಪ್ರಿಲ್‌ನಲ್ಲಿ ಗೆಳೆಯನ ಜೊತೆ ಮೀನು ಬೇಯಿಸೋಕೆ ಹಚ್ಚಿದ ಬೆಂಕಿ ಕೈ ತಪ್ಪಿ ಸುಮಾರು 300 ಎಕರೆ ಕಾಡು ಸುಟ್ಟುಹೋಯ್ತು. ಹಾರ್ವರ್ಡ್ ಓದಿ ಬಂದ ಹುಡುಗ ಕಾಡು ಸುಟ್ಟ ಅಂತ ಊರವರು ವರ್ಷಗಟ್ಟಲೆ ಆಡಿಕೊಂಡರು.

ಅದೇ ವರ್ಷ ಅವನ ಗುರುವೂ ಗೆಳೆಯನೂ ಆದ ಎಮರ್ಸನ್, ಊರಿಂದ ಒಂದೂವರೆ ಮೈಲಿ ದೂರದ ವಾಲ್ಡನ್ ಕೊಳದ ದಂಡೆಯಲ್ಲಿ ಸ್ವಲ್ಪ ಜಾಗ ಕೊಂಡ. ಅಲ್ಲಿ ಮನೆ ಕಟ್ಟಿಕೊಳ್ಳೋಕೆ ಹೆನ್ರಿಗೆ ಒಪ್ಪಿಗೆ ಸಿಕ್ತು. 1845ರ ಮಾರ್ಚ್‌ನಲ್ಲಿ ಸಾಲ ತಂದ ಕೊಡಲಿ ಹಿಡಿದು ಪೈನ್ ಮರ ಕಡಿಯೋಕೆ ಶುರು ಮಾಡಿದ. ಹತ್ತಿರದಲ್ಲೇ ರೈಲು ಹಳಿ ಕೆಲಸ ಮಾಡ್ತಿದ್ದ ಐರಿಷ್ ಕಾರ್ಮಿಕನೊಬ್ಬನ ಗುಡಿಸಲನ್ನ 4 ಡಾಲರ್ 25 ಸೆಂಟಿಗೆ ಕೊಂಡು, ಬಿಚ್ಚಿ, ಹಲಗೆಗಳನ್ನ ಬಿಸಿಲಿಗೆ ಒಣಗಿಸಿದ. ಆರು ಅಡಿ ಚದರ, ಏಳು ಅಡಿ ಆಳದ ನೆಲಮಾಳಿಗೆ ತೋಡಿದ. ಗೋಡೆಗೆ ಹಲಗೆ ಹೊಡೆಯೋ ಮುಂಚೆಯೇ ಒಂದು ಕೊನೆಯಲ್ಲಿ ಚಿಮ್ನಿಗೆ ಪಾಯ ಹಾಕಿದ. ಎರಡು ಗಾಡಿ ತುಂಬೋವಷ್ಟು ಕಲ್ಲನ್ನ ಕೊಳದಿಂದ ದಿಬ್ಬದ ಮೇಲಕ್ಕೆ ಕೈಯಲ್ಲೇ ಹೊತ್ತು ತಂದ. ಆ ಕಲ್ಲು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತೆ.

ಜುಲೈ 4ಕ್ಕೆ ಅಲ್ಲಿಗೆ ಹೋಗಿ ಇರೋಕೆ ಶುರು ಮಾಡಿದಾಗ ಮನೆ ಪೂರ್ತಿ ಆಗಿರಲಿಲ್ಲ. ಗೋಡೆಯ ಹಲಗೆ ಸಂದಿಯಲ್ಲಿ ಗಾಳಿ ಓಡಾಡ್ತಿತ್ತು. ಚಿಮ್ನಿ ಇರಲಿಲ್ಲ. ಬೇಸಿಗೆಗೆ ಅದು ಸುಖವೇ. ಹೊರಗೆ ನೆಲದ ಮೇಲೆ ಬೆಂಕಿ ಮಾಡಿ ರೊಟ್ಟಿ ಬೇಯಿಸ್ತಿದ್ದ. ಮಳೆ ಬಂದ್ರೆ ಬೆಂಕಿಯ ಮೇಲೆ ಒಂದೆರಡು ಹಲಗೆ ಒಡ್ಡಿ ಅದರಡಿ ಕೂತು ರೊಟ್ಟಿ ಕಾಯ್ತಿದ್ದ. ಹಗಲೆಲ್ಲ ಎರಡೂವರೆ ಎಕರೆ ಬೀನ್ಸ್ ಹೊಲದಲ್ಲಿ ಕಳೆ ಕೀಳೋದು. ಆ ವರ್ಷದ ಬೇಸಾಯದಲ್ಲಿ ಖರ್ಚು ಕಳೆದು ಉಳಿದ ಲಾಭ 8 ಡಾಲರ್ ಎಪ್ಪತ್ತೊಂದೂವರೆ ಸೆಂಟ್. ಆ ಅರ್ಧ ಸೆಂಟನ್ನೂ ಬಿಡದೆ ಬರೆದಿಟ್ಟಿದ್ದಾನೆ, ಪುಣ್ಯಾತ್ಮ.

ಸೆಪ್ಟೆಂಬರ್ ಬಂತು. ಕೊಳದ ಆಚೆ ದಡದಲ್ಲಿ ಎರಡು ಮೂರು ಚಿಕ್ಕ ಮೇಪಲ್ ಮರ ಕೆಂಪಾದವು. ನಮ್ಮಲ್ಲಿ ದಸರಾ ಹೊತ್ತಿನ ಶರತ್ ಅಂದ್ರೆ ಮಳೆ ನಿಂತು ಆಕಾಶ ತಿಳಿಯಾಗೋ ಹಿತವಾದ ಕಾಲ. ಅಲ್ಲಿ ಹಾಗಲ್ಲ. ಎಲೆ ಬಣ್ಣ ತಿರುಗಿತು ಅಂದ್ರೆ ಡೆಡ್‌ಲೈನ್ ಶುರು ಅಂತ ಅರ್ಥ. ಡಿಸೆಂಬರ್ ಹೊತ್ತಿಗೆ ಕೊಳವೇ ಹೆಪ್ಪುಗಟ್ಟುತ್ತೆ. ಅಷ್ಟರಲ್ಲಿ ಒಲೆ, ಚಿಮ್ನಿ, ಹೊರಗೋಡೆ, ಒಳಗೋಡೆ, ಸೌದೆ, ಕಾಳುಕಡ್ಡಿ ಎಲ್ಲ ಆಗಿರಬೇಕು. ಆಗದಿದ್ರೆ ಬ್ಯಾಗ್ ಹೊತ್ತು ಅಮ್ಮನ ಮನೆಗೆ ವಾಪಸ್, ಊರವರ ಬಾಯಿಗೆ ಮತ್ತೊಂದು ತುತ್ತು.

ಚಿಮ್ನಿ ಕೆಲಸಕ್ಕೆ ಮುಂಚೆ ಗಾರೆ ಕೆಲಸ ಹೇಗೆ ಅಂತ ಕಲಿತುಕೊಂಡ. ಇಟ್ಟಿಗೆ ಹಳೆಯವು. ಅವಕ್ಕೆ ಅಂಟಿದ್ದ ಗಾರೆ ಐವತ್ತು ವರ್ಷದ್ದು, ಕಲ್ಲಿನಂತೆ ಗಟ್ಟಿ. ಕರಣೆಯಿಂದ ಹೊಡೆದು ಹೊಡೆದು ಬಿಡಿಸಬೇಕಿತ್ತು. ಹಾಗೆ ಹೊಡೆದರೂ ಮೊಂಡಾಗದ ಆ ಉಕ್ಕಿನ ಬಗ್ಗೆ ಅವನಿಗೆ ಬೆರಗು. ಒಲೆಯ ಸುತ್ತ ಇಡೋಕೆ ಮೊದಲೇ ಬೆಂಕಿ ಕಂಡಿದ್ದ ಇಟ್ಟಿಗೆಗಳನ್ನ ಹುಡುಕಿ ಆರಿಸಿದ. ಸಂದಿಗೆ ಕೊಳದ ದಂಡೆಯ ಕಲ್ಲು, ಗಾರೆಗೆ ಅಲ್ಲಿಯದೇ ಬಿಳಿ ಮರಳು. ಕೆಲಸ ಎಷ್ಟು ನಿಧಾನ ಅಂದ್ರೆ, ಬೆಳಿಗ್ಗೆ ನೆಲದಿಂದ ಶುರು ಮಾಡಿದ್ದು ರಾತ್ರಿ ಮಲಗೋ ಹೊತ್ತಿಗೆ ನೆಲದಿಂದ ಕೆಲವೇ ಇಂಚು ಮೇಲೆ ಬಂದಿತ್ತು. ಆ ಸಾಲನ್ನೇ ತಲೆದಿಂಬು ಮಾಡಿಕೊಂಡು ಮಲಗಿದ. ನಿಧಾನವಾದ್ರೆ ಹೆಚ್ಚು ಕಾಲ ಬಾಳುತ್ತೆ ಅನ್ನೋದು ಅವನ ಲೆಕ್ಕ. ಆ ಹೊತ್ತಲ್ಲೇ ಕವಿಗೆಳೆಯನೊಬ್ಬ ಬಂದು ಹದಿನೈದು ದಿನ ಉಳಿದ. ಜಾಗ ಇಕ್ಕಟ್ಟು. ಇಬ್ಬರೂ ಸೇರಿ ಅಡುಗೆ ಮಾಡಿದರು, ಚಾಕು ಉಜ್ಜಬೇಕಾದ್ರೆ ಮಣ್ಣಿಗೆ ಚುಚ್ಚಿ ಚುಚ್ಚಿ ತೆಗೆದರು. ಹಾಸ್ಟೆಲ್ ರೂಮಿನಲ್ಲಿ ಗೆಸ್ಟ್ ಇಟ್ಟುಕೊಂಡವರಿಗೆ ಈ ಚಿತ್ರ ವಿವರಿಸೋದು ಬೇಡ.

ಹೊರಗೋಡೆಗೆ ಹೊದಿಸೋಕೆ ಮರದ ಚಕ್ಕೆ ಬೇಕು. ಒಳ್ಳೇದು ದುಬಾರಿ. ದಿಮ್ಮಿಯ ಮೊದಲ ಸೀಳಿನಿಂದ ಬಂದ, ಹಸಿ ಆರದ, ಅಂಚು ಸೊಟ್ಟಗಿದ್ದ ಚಕ್ಕೆಗಳನ್ನ ಹಾಕಿಕೊಂಡ. ಕೀಸುಳಿ ಹಿಡಿದು ಒಂದೊಂದರ ಅಂಚನ್ನೂ ನೇರ ಮಾಡಬೇಕಾಯ್ತು.

ಇನ್ನೊಂದು ಕಡೆ ಕಾಡಿನ ಕೆಲಸ. ಅಕ್ಟೋಬರ್‌ನಲ್ಲಿ ನದಿ ಬಯಲಿಗೆ ಹೋಗಿ ಕಾಡು ದ್ರಾಕ್ಷಿ ಗೊಂಚಲು ತರೋದು. ಚೆಸ್ಟ್‌ನಟ್ ಕಾಯಿ ಮಾಗಿದಾಗ ಹೆಗಲಿಗೆ ಚೀಲ, ಕೈಯಲ್ಲಿ ಮುಳ್ಳಿನ ಸಿಪ್ಪೆ ಬಿಡಿಸೋಕೆ ಒಂದು ಕೋಲು. ಚಳಿಗಾಲಕ್ಕೆ ಅಂತ ಅರ್ಧ ಬುಶೆಲ್ ಕೂಡಿಟ್ಟ. ಒಂದು ದಿನ ಮೀನಿಗೆ ಎರೆಹುಳು ಅಗೆಯುವಾಗ ಗ್ರೌಂಡ್‌ನಟ್ ಸಿಕ್ತು. ಇದು ನಮ್ಮ ಕಡಲೆಕಾಯಿ ಅಲ್ಲ, ಒಂದು ಬಳ್ಳಿಯ ಬೇರಿಗೆ ಮಣಿಸರದ ಹಾಗೆ ಬಿಡೋ ಗೆಡ್ಡೆ. ಅಲ್ಲಿಯ ಮೂಲನಿವಾಸಿಗಳ ಆಹಾರ. ಹೂವನ್ನ ಎಷ್ಟೋ ಸಲ ನೋಡಿದ್ದ, ಬುಡದಲ್ಲಿ ಊಟ ಇದೆ ಅಂತ ಗೊತ್ತಿರಲಿಲ್ಲ. ಬೇಯಿಸಿ ತಿಂದ, ರುಚಿಯಾಗಿತ್ತು. ಅದೇ ತಿಂಗಳು ಕಣಜಗಳು ಸಾವಿರಗಟ್ಟಲೆ ಮನೆಯೊಳಗೆ ಬಂದು ಕಿಟಕಿ, ಗೋಡೆ ಮೇಲೆಲ್ಲ ಕೂತವು. ಬೆಳಿಗ್ಗೆ ಚಳಿಗೆ ಮರಗಟ್ಟಿರ್ತಿದ್ದವು. ಕೆಲವನ್ನ ಗುಡಿಸಿ ಹಾಕ್ತಿದ್ದ, ಅಷ್ಟೇ. ಅವು ಅವನಿಗೆ ಹೇಳಿಕೊಳ್ಳೋವಂಥ ತೊಂದರೆ ಕೊಡಲಿಲ್ಲ. ಚಳಿ ಹೆಚ್ಚಾದಾಗ ಎಲ್ಲೋ ಸಂದಿಯಲ್ಲಿ ಮಾಯವಾದವು. ನವೆಂಬರ್‌ನಲ್ಲಿ ಅವನೂ ಕಣಜಗಳ ಹಾಗೆಯೇ, ಬಿಸಿಲು ಬೀಳೋ ಈಶಾನ್ಯ ದಡ ಹುಡುಕಿ ಮೈ ಕಾಯಿಸಿಕೊಳ್ತಿದ್ದ.

ಕೊನೆಯ ಕೆಲಸ ಒಳಗೋಡೆಯ ಗಿಲಾವು. ಅದನ್ನ ಮುಂದೂಡ್ತಾ ಮುಂದೂಡ್ತಾ ನೀರು ಹೆಪ್ಪುಗಟ್ಟೋ ಚಳಿವರೆಗೆ ಎಳೆದ (ನಮ್ಮ ರೆಕಾರ್ಡ್ ಬುಕ್ ಕಥೆ). ತೊಲೆ, ಹಲಗೆ ಕಾಣಿಸೋ ಗೋಡೆ, ಮೇಲೆ ನೆರಳಾಡೋ ಕತ್ತಲೆ ಅವನಿಗೆ ಇಷ್ಟವಾಗಿತ್ತು. ಗಿಲಾವಾದ ಮೇಲೆ ಮನೆ ಅಷ್ಟು ಚೆಂದ ಕಾಣಲಿಲ್ಲ, ಆದರೆ ಬೆಚ್ಚಗಾಯ್ತು ಅಂತ ಒಪ್ಪಿಕೊಳ್ತಾನೆ. ಆಚೆ ದಡದ ಮರಳು ಇನ್ನೂ ಬಿಳಿ, ಇನ್ನೂ ಶುದ್ಧ ಅಂತ ಅದನ್ನ ದೋಣಿಯಲ್ಲಿ ತುಂಬಿ ತಂದ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೇಗೆ ಹೀರಿಕೊಳ್ಳುತ್ತೆ, ಹೊಸ ಒಲೆಯನ್ನ ನೆನೆಸೋಕೆ ಎಷ್ಟು ಬಕೆಟ್ ನೀರು ಬೇಕು ಅನ್ನೋದನ್ನೂ ಗಮನಿಸಿದ. ಸುಣ್ಣ ಕೊಂಡಿದ್ದರೂ, ನದಿಯ ಚಿಪ್ಪು ಸುಟ್ಟು ತಾನೇ ಸ್ವಲ್ಪ ಸುಣ್ಣ ಮಾಡಿ ನೋಡಿದ್ದ. ನಮ್ಮ ಕರಾವಳಿಯ ಗೆಳೆಯರಿಗೆ ಚಿಪ್ಪಿನ ಸುಣ್ಣ ಹೊಸದೇನಲ್ಲ. ಬೇಕಾದ್ರೆ ಸುಣ್ಣದ ಕಚ್ಚಾ ಸಾಮಗ್ರಿ ಎಲ್ಲಿಂದ ತರಬಹುದು ಅಂತ ತಿಳಿದುಕೊಳ್ಳೋ ಕುತೂಹಲ ಅವನದು.

ಗಿಲಾವು ಮುಗಿಯೋ ಹೊತ್ತಿಗೆ ಚಳಿ ಗಟ್ಟಿಯಾಗಿ ಹಿಡೀತು. 1845ರ ಡಿಸೆಂಬರ್ 22ರ ರಾತ್ರಿ ಕೊಳ ಪೂರ್ತಿ ಹೆಪ್ಪುಗಟ್ಟಿತು. ಒಳಗೆ ಒಲೆ ಉರೀತಿತ್ತು. ಹೊಲದಿಂದ ಕಿತ್ತ ಮರದ ಬೊಡ್ಡೆಗಳೇ ಸೌದೆ. ಅದು ಎರಡು ಸಲ ಬಿಸಿ ಕೊಟ್ಟಿತು, ಸೀಳುವಾಗ ಒಮ್ಮೆ, ಉರಿಸುವಾಗ ಒಮ್ಮೆ.

ಹಾಗೆ ಬೆಚ್ಚಗಾದ ಮನೆಯಲ್ಲಿ ಅಣ್ಣನ ಜೊತೆ ಹೋದ ನದಿ ಪ್ರಯಾಣದ ಪುಸ್ತಕ ಬರೆದ. 1846ರಲ್ಲಿ ಕೊಳದ ಮಂಜುಗಡ್ಡೆ ಕರಗೋ ಮುಂಚೆ ದಿಕ್ಸೂಚಿ, ಸರಪಳಿ, ಒಂದೂವರೆ ಪೌಂಡಿನ ಕಲ್ಲು ಕಟ್ಟಿದ ಹಗ್ಗ ಹಿಡಿದು ನೂರಕ್ಕೂ ಹೆಚ್ಚು ಕಡೆ ಆಳ ಅಳೆದ. ವಾಲ್ಡನ್‌ಗೆ ತಳವೇ ಇಲ್ಲ ಅಂತ ಜನ ನಂಬಿದ್ದರು. ತಳ ಇತ್ತು, 102 ಅಡಿಯಲ್ಲಿ. ಮುಂದೆ ಹೊಟ್ಟೆಪಾಡಿಗೆ ಅವನು ಹಿಡಿದದ್ದೂ ಜಮೀನು ಸರ್ವೆ ಕೆಲಸವನ್ನೇ.

ಅವನ ಮೇಲೆ ಒಂದು ದೂರು ಇವತ್ತಿಗೂ ಇದೆ: ಕಾಡಲ್ಲಿದ್ದೀನಿ ಅಂತ ಬರೆದ, ಆಗಾಗ ಮನೆಗೆ ಹೋಗಿ ಅಮ್ಮನ ಕೈಯೂಟ ಮಾಡಿ ಬರ್ತಿದ್ದ. ಹೌದು, ಹೋಗ್ತಿದ್ದ. ವಾರಾಂತ್ಯಕ್ಕೆ ಬಟ್ಟೆ ಗಂಟು ಕಟ್ಟಿ ಊರಿಗೆ ಓಡೋ ನಾವು ಆ ತಪ್ಪು ಎತ್ತಿ ಹೇಳಬೇಕಾ? ನನಗಿಂತೂ ಹೆಚ್ಚು ಗಂಭೀರ ಅನ್ನಿಸೋದು ಎರಡನೇ ಚಳಿಗಾಲದ ವಿಷಯ. ಕಾಡು ತನ್ನದಲ್ಲ, ಸೌದೆ ಉಳಿಸಬೇಕು ಅಂತ ಅಷ್ಟು ಆಸೆಯಿಂದ ಕಟ್ಟಿದ ಒಲೆ ಬಿಟ್ಟು ಒಂದು ಚಿಕ್ಕ ಕಬ್ಬಿಣದ ಸ್ಟೋವ್ ಹಾಕಿಕೊಂಡ. ಸೌದೆ ಉಳಿಯಿತು. ಉರಿ ಮಾತ್ರ ಕಣ್ಣಿಗೆ ಕಾಣದಾಯ್ತು. ಜೊತೆಗಿದ್ದ ಒಬ್ಬ ಗೆಳೆಯನನ್ನ ಕಳೆದುಕೊಂಡ ಹಾಗಾಯ್ತು ಅವನಿಗೆ. ಎಫಿಶಿಯೆನ್ಸಿ ಲೆಕ್ಕದಲ್ಲಿ ಬರದ ನಷ್ಟ ಅದು.

ಆ ಚಳಿಗಾಲದಲ್ಲೇ ನೂರು ಜನ ಬಂದು ವಾಲ್ಡನ್‌ನ ಮಂಜುಗಡ್ಡೆ ಕೊಯ್ದರು. ಬಾಸ್ಟನ್‌ನಿಂದ ಆಗ ಹಡಗಿನಲ್ಲಿ ಕಲ್ಕತ್ತ, ಮದ್ರಾಸಿಗೆಲ್ಲ ಐಸ್ ಬರ್ತಿತ್ತು. ಚೆನ್ನೈನ ಐಸ್ ಹೌಸ್ ಕಟ್ಟಡ ಆ ವ್ಯಾಪಾರದ್ದೇ. ಬೆಳಿಗ್ಗೆ ಭಗವದ್ಗೀತೆಯ ಇಂಗ್ಲಿಷ್ ಅನುವಾದ ಓದ್ತಿದ್ದ ಥೋರೋ, ತನ್ನ ಕೊಳದ ನೀರು ಗಂಗೆಯ ನೀರಿಗೆ ಬೆರೆಯೋದನ್ನ ಕಲ್ಪಿಸಿಕೊಂಡ.

1847ರ ಸೆಪ್ಟೆಂಬರ್ 6ರಂದು, ಎಲೆ ಮತ್ತೆ ಕೆಂಪಾಗೋ ಹೊತ್ತಿಗೆ, ಮನೆ ಬಿಟ್ಟ. ನದಿ ಪ್ರಯಾಣದ ಪುಸ್ತಕ 1849ರಲ್ಲಿ ಅಚ್ಚಾಗಿ ಬಿದ್ದುಹೋಯ್ತು. ಸಾವಿರ ಪ್ರತಿಯಲ್ಲಿ 706 ವಾಪಸ್ ಬಂದವು, ಅವನ್ನ ಬೆನ್ನ ಮೇಲೆ ಹೊತ್ತು ಅಟ್ಟಕ್ಕೆ ಏರಿಸಿದ. ಏಳು ಸಲ ತಿದ್ದಿ ಬರೆದ ‘ವಾಲ್ಡನ್’ 1854ರಲ್ಲಿ ಬಂತು. 1860ರ ಡಿಸೆಂಬರ್‌ನಲ್ಲಿ ಮರದ ಬೊಡ್ಡೆಗಳ ಉಂಗುರ ಎಣಿಸ್ತಾ ಹೊರಗಿದ್ದಾಗ ಹಿಡಿದ ನೆಗಡಿ ಎದೆಗಿಳಿದು, ಹಳೇ ಕ್ಷಯ ಕೆರಳಿತು. ಹಾಸಿಗೆಯಲ್ಲೇ ಶರತ್ಕಾಲದ ಎಲೆಬಣ್ಣಗಳ ಮೇಲಿನ ಪ್ರಬಂಧ ತಿದ್ದಿ ಪತ್ರಿಕೆಗೆ ಕಳಿಸಿದ. 1862ರ ಮೇ 6ರಂದು ತೀರಿಕೊಂಡ, 44 ವರ್ಷ. ಪ್ರಬಂಧ ಅಕ್ಟೋಬರ್‌ನಲ್ಲಿ ಅಚ್ಚಾಯ್ತು.

ಮನೆ ಏನಾಯ್ತು? ಎಮರ್ಸನ್‌ನ ತೋಟಗಾರನ ಕೈಗೆ ಹೋಯ್ತು. ಆಮೇಲೆ ರೈತರೊಬ್ಬರು ಎಳೆದುಕೊಂಡು ಹೋಗಿ ಧಾನ್ಯ ತುಂಬಿಟ್ಟರು. 1868ರಲ್ಲಿ ಬಿಚ್ಚಿದರು, ಛಾವಣಿ ಹಂದಿಗೂಡಿಗೆ ಹೋಯ್ತು ಅಂತಾರೆ. ದಂಡೆಯಲ್ಲಿ ಅದು ಸರಿಯಾಗಿ ಎಲ್ಲಿತ್ತು ಅನ್ನೋದು ಮರೆತೇ ಹೋಯ್ತು. ನೂರು ವರ್ಷದ ನಂತರ, 1945ರ ನವೆಂಬರ್‌ನಲ್ಲಿ, ರೋಲಂಡ್ ರಾಬಿನ್ಸ್ ಅನ್ನೋ ಹವ್ಯಾಸಿ ಪುರಾತತ್ವಜ್ಞ ಆ ದಿಬ್ಬದ ನೆಲ ತಡಕಿ, ಅಗೆದು ನೋಡಿದ. ಎಲೆ ಗೊಬ್ಬರದ ಕೆಳಗೆ ಕಲ್ಲು ಸಿಕ್ಕಿತು. ಚಿಮ್ನಿಯ ಪಾಯ.